ಬಳೆ ಎಣಿಸದೆ ಹೆಸರು ಹೇಳಬೇಡಿ

ಹೋದ ಮಳೆಗಾಲದಲ್ಲಿ ಶಿರಗುಪ್ಪಿಯಿಂದ ಈ ಲೇಖಕನ ಫೋನಿಗೆ ಒಂದು ಫೋಟೊ ಬಂತು. ಕಳಿಸಿದವನು ವರಸೆಯಲ್ಲಿ ತಮ್ಮನಾಗಬೇಕಾದ ಹುಡುಗ. ಕೆಳಗೆ ಬರೆದಿದ್ದ: "ಅಣ್ಣಾ, ನಿನ್ನ ಸಿಸಿಲಿಯನ್ ಸಿಕ್ಕೈತಿ ನೋಡು, ನಮ್ಮ ಕಬ್ಬಿನ ಫಡದಾಗನ." ದೊಡ್ಡದು ಮಾಡಿ ನೋಡಿದರೆ ಒಣ ಮೈ, ಹೊಳೆಯುವ ಹುರುಪೆ, ಹೊರಚಾಚಿದ ನೂಲೆಳೆಯಂಥ ನಾಲಿಗೆ. ಅದು ಕುರುಡು ಹಾವು. ಉಭಯಚರವಾದ ಸಿಸಿಲಿಯನ್‌ನ ಮೈಯ ಹೊರಗೆ ಹುರುಪೆ ಕಾಣುವುದಿಲ್ಲ. ಇದ್ದರೂ ಚರ್ಮದ ಮಡಿಕೆಯೊಳಗೆ ಅಡಗಿರುತ್ತದೆ. ಮೈ ಯಾವಾಗಲೂ ಲೋಳೆಲೋಳೆ.

ಹುಡುಗನನ್ನು ಬಯ್ಯುವಂತಿಲ್ಲ, ಅವನು ಬಗ್ಗಿಯಾದರೂ ನೋಡಿದ. ಬಯ್ಯಬೇಕಾದವರು ನಗರದ ಅಕ್ವೇರಿಯಂ ಅಂಗಡಿಯಿಂದ ಗುಲಾಬಿ ಬಣ್ಣದ ಆಕ್ಸೊಲಾಟಲ್ ತಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮರುದಿನದಿಂದ ಸಾಲಮಾಂಡರ್ ಪಂಡಿತರಾಗುವವರು. ಆ ಜೀವಿಯ ಊರು ಮೆಕ್ಸಿಕೊದ ಸೊಚಿಮಿಲ್ಕೊ. ಅಲ್ಲಿನ ಕಾಲುವೆಗಳಲ್ಲಿ ಅದು ಅಳಿವಿನ ಅಂಚಿಗೆ ಬಂದಿದೆ, ಅಲ್ಲಿ ಅದರ ಬಣ್ಣವೂ ಗುಲಾಬಿಯಲ್ಲ, ಕಂದುಗಪ್ಪು. ಭಾರತದಲ್ಲಿ ಸಾಲಮಾಂಡರ್ ನೋಡಬೇಕೆಂದರೆ ಡಾರ್ಜಿಲಿಂಗ್ ಕಡೆಯ ಜೋರ್‌ಪೋಖ್ರಿಯಂಥ ಜಾಗಕ್ಕೋ ಈಶಾನ್ಯದ ಬೆಟ್ಟಗಳಿಗೋ ಹೋಗಬೇಕು. ದಕ್ಷಿಣದಲ್ಲಿ ಒಂದೂ ಇಲ್ಲ. ನಮ್ಮ ಪಾಲಿಗೆ ಬಂದದ್ದು ಕಪ್ಪೆ, ಸಾಲಮಾಂಡರ್ ಬಿಟ್ಟರೆ ಉಭಯಚರಗಳ ಮೂರನೆಯ ಕವಲು: ಕಾಲಿಲ್ಲದ, ಮಣ್ಣೊಳಗೆ ಬಾಳುವ ಸಿಸಿಲಿಯನ್. ಸುಂದರವೇ ಎಂದು ಕೇಳುವವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು.

ಬೆಳಗಾವಿ ಜಿಲ್ಲೆಯವರಿಗಂತೂ ಇದು ಮನೆಯ ಸೊತ್ತು. ಮಹದಾಯಿಯ ಹೆಸರು ಹೊತ್ತ ಗೆಗೆನಿಯೋಫಿಸ್ ಮ್ಹಾದೇಯೆನ್ಸಿಸ್ ಅನ್ನು 2007ರಲ್ಲಿ ಗೋಪಾಲಕೃಷ್ಣ ಭಟ್ಟ ಮತ್ತು ಸಂಗಡಿಗರು ಚೋರ್ಲಾದ ಕಾಡಂಚಿನಿಂದ ಲೋಕಕ್ಕೆ ಪರಿಚಯಿಸಿದರು. 2011ರಲ್ಲಿ ಅದೇ ಚೋರ್ಲಾದಿಂದ ಹಳದಿ ಪಟ್ಟಿಯ ಇಕ್ಥಿಯೋಫಿಸ್ ಡೇವಿಡಿ ಬಂತು. ಹೆಸರು ಲಂಡನ್ನಿನ ಸಿಸಿಲಿಯನ್ ತಜ್ಞ ಡೇವಿಡ್ ಗೋವರ್ ಅವರದು. ಗಡಿಯಾಚೆ ಅಂಬೋಲಿ ಸೀಮೆಯ ಗೆಗೆನಿಯೋಫಿಸ್ ಡೇನಿಯೇಲಿ 2003ರದು. ನಿಪ್ಪಾಣಿ, ಚಿಕ್ಕೋಡಿ ಕಡೆಯಿಂದ ಪ್ರತಿ ಮಳೆಗಾಲ ಗಾಡಿಗಟ್ಟಲೆ ಜನ ಅಂಬೋಲಿಗೆ ಹೋಗುತ್ತಾರೆ. ಜಲಪಾತದ ಕೆಳಗೆ ನೆನೆದು, ಜೋಳದ ತೆನೆ ತಿಂದು, ಹಸಿರು ಹಾರುಗಪ್ಪೆಯ ಮುಂದೆ ಸೆಲ್ಫಿ ತೆಗೆದುಕೊಂಡು ಬರುತ್ತಾರೆ. ಕಾಲ ಕೆಳಗಿನ ಮಣ್ಣಿನಲ್ಲಿ ಏನಿದೆಯೆಂದು ಕೇಳಿದವರಿಲ್ಲ.

ಈ ಲೇಖಕನಿಗೂ ಕಣ್ಣು ತೆರೆದದ್ದು ತಡವಾಗಿಯೇ. ಕಣಕುಂಬಿ ಹತ್ತಿರದ ಒಂದು ಹಿತ್ತಲು, ಬಿಡದ ಜುಲೈ ಮಳೆ. ತಿಪ್ಪೆಯ ಅಂಚನ್ನು ರೈತರೊಬ್ಬರು ಗುದ್ದಲಿಯಿಂದ ಎಳೆದರು, ಕಪ್ಪನೆಯದೊಂದು ಹೊರಳಿತು. "ಹಾವಿನ ಮರಿರೀ ಸಾಹೇಬ್ರ, ಹಿಂದ ಸರೀರಿ" ಎಂದು ಗುದ್ದಲಿ ಎತ್ತಿದರು. ತಡೆದು, ಬ್ಯಾಟರಿ ಬಿಟ್ಟು ನೋಡಿದರೆ ಪಕ್ಕೆಯುದ್ದಕ್ಕೂ ಹಳದಿ ಪಟ್ಟಿ. ಕಣ್ಣಿಗೂ ಮೂಗಿಗೂ ನಡುವೆ, ತುಟಿಯಂಚಿನಲ್ಲಿ, ಅಕ್ಕಿನುಚ್ಚಿನಷ್ಟು ಬಿಳಿಯ ಮೊಳಕೆಯೊಂದು ಹೊರಬಂದು ಒಳಹೋಯಿತು, ಮತ್ತೆ ಬಂತು. ಅದು ಗ್ರಾಹಕ ಮೀಸೆ. ಮಣ್ಣಿನ ವಾಸನೆ ಹಿಡಿಯುವ ಈ ಅಂಗ ಕಪ್ಪೆಗಿಲ್ಲ, ಸಾಲಮಾಂಡರಿಗೂ ಇಲ್ಲ. ಎದೆ ಉಬ್ಬಿದ ಲೇಖಕ ಪುಸ್ತಕದಲ್ಲಿ ಓದಿದ ಹೆಸರನ್ನು ಕೂಡಲೇ ಘೋಷಿಸಿದ: ಇಕ್ಥಿಯೋಫಿಸ್ ಬೆಡ್ಡೋಮಿ! ಊರಿಗೆ ಬಂದು ಫೋಟೊ ತೋರಿಸಿದಾಗ ಸಂಶೋಧಕರೊಬ್ಬರು ಕೇಳಿದ್ದು ಒಂದೇ ಮಾತು: "ಬಳೆ ಎಣಿಸಿದಿರಾ?"

ಎಣಿಸಿರಲಿಲ್ಲ.

ಹಳದಿ ಪಟ್ಟಿ ಒಂದಕ್ಕಿಂತ ಹೆಚ್ಚು ಪ್ರಭೇದಗಳಿಗಿದೆ. ಬಣ್ಣ ನೋಡಿ ಹೆಸರು ಹೇಳುವುದೆಂದರೆ ಮಿರಜಿನ ದರ್ಗಾದಲ್ಲಿ ಅಬ್ದುಲ್ ಕರೀಂ ಖಾನರ ನೆನಪಿನ ಸಂಗೀತಕ್ಕೆ ಕುಳಿತು, ತಾಳದ ಸಮ ಬರುವ ಮೊದಲೇ 'ವಾಹ್' ಎನ್ನುವುದು. ಸಿಸಿಲಿಯನ್‌ನ ಸಮ ಇರುವುದು ಬಳೆಗಳಲ್ಲಿ, ಅಂದರೆ ಮೈಸುತ್ತ ಬರುವ ಉಂಗುರದಂಥ ಮಡಿಕೆಗಳಲ್ಲಿ.

ಎಣಿಕೆ ಎಲ್ಲಿಂದ? ತಲೆಯ ಹಿಂದೆ ಎರಡು ಅಗಲವಾದ ಪಟ್ಟಿಗಳಿರುತ್ತವೆ. ಅವು ಕೊರಳಪಟ್ಟಿ, ಬಳೆಯ ಲೆಕ್ಕಕ್ಕಿಲ್ಲ. ಹೊಸಬರು ಎಡವುವುದು ಇಲ್ಲೇ. ಅವುಗಳನ್ನು ಬಿಟ್ಟು ಒಂದು, ಎರಡು ಎನ್ನಬೇಕು. ಗೆಗೆನಿಯೋಫಿಸ್ ಕುಲದಲ್ಲಿ ಮುಖ್ಯ ಬಳೆಗಳು ನೂರರ ಆಸುಪಾಸು. ಮೈಯ ಹಿಂಭಾಗಕ್ಕೆ ಬರುತ್ತಿದ್ದಂತೆ ಎರಡು ಮುಖ್ಯ ಗೆರೆಗಳ ನಡುವೆ ಇನ್ನೊಂದು ಸಣ್ಣ ಗೆರೆ ಮೂಡುತ್ತದೆ. ಅದನ್ನು ಉಪಬಳೆ ಎನ್ನೋಣ. ಅದು ಎಷ್ಟನೆಯ ಮುಖ್ಯ ಬಳೆಯಲ್ಲಿ ಹುಟ್ಟಿತು, ಒಟ್ಟು ಎಷ್ಟಿವೆ, ಎಷ್ಟು ಪೂರ್ತಿ ಸುತ್ತು ಹಾಕಿವೆ, ಎಷ್ಟು ಬೆನ್ನಿನ ಮೇಲೆಯೇ ನಿಂತುಬಿಟ್ಟಿವೆ: ಪ್ರಭೇದದ ಗುಟ್ಟು ಬಿಡುವುದು ಇಲ್ಲಿ. ಇಕ್ಥಿಯೋಫಿಸ್‌ನಲ್ಲಾದರೆ ಬಳೆಗಳು ಇನ್ನೂರು ದಾಟುತ್ತವೆ. ಬದುಕಿರುವ, ಜಾರುವ ಜೀವಿಯ ಮೇಲೆ ಇದು ಆಗದ ಕೆಲಸ. ಪಕ್ಕದಿಂದ, ಬೆನ್ನಿನಿಂದ ಬಿಡಿಬಿಡಿಯಾಗಿ ಫೋಟೊ ತೆಗೆದು, ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಹತ್ತಕ್ಕೊಂದು ಕೆಂಪು ಚುಕ್ಕೆ ಇಡುತ್ತ ಹೋಗಬೇಕು. ಒಂದು ಗೆಗೆನಿಯೋಫಿಸ್ ಈ ಲೇಖಕನ ಮೂರು ಸಂಜೆ ತಿಂದಿದೆ. ಮೊದಲ ದಿನ 104, ಎರಡನೆಯ ದಿನ 107, ಮೂರನೆಯ ದಿನ ಮತ್ತೆ 104. ಆ ಮೂರರ ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕಿ ಕಂಡುಕೊಂಡಾಗ ಆದ ಖುಷಿಯನ್ನು ಮನೆಯವರಿಗೆ ಅರ್ಥ ಮಾಡಿಸಲು ಆಗಲಿಲ್ಲ.

ಉಳಿದದ್ದು ಸುಲಭ. ಚಿಕ್ಕ ಬಾಲವಿದ್ದು ಕಣ್ಣು ಕಂಡರೆ ಇಕ್ಥಿಯೋಫಿಸ್ ಕಡೆಯದು. ಬಾಲವಿಲ್ಲದೆ, ಕಣ್ಣು ಮೂಳೆಯಡಿ ಹೂತಿದ್ದರೆ ಗೆಗೆನಿಯೋಫಿಸ್. ಎರೆಹುಳು ಹಿಗ್ಗಿ ಕುಗ್ಗಿ ಸಾಗುತ್ತದೆ. ಸಿಸಿಲಿಯನ್‌ಗೆ ಬೆನ್ನೆಲುಬಿದೆ, ಬಾಯಲ್ಲಿ ಹಲ್ಲಿದೆ. ರತ್ನಾಗಿರಿ ಜಿಲ್ಲೆಯ ಗೆಗೆನಿಯೋಫಿಸ್ ಶೇಷಾಚಾರಿ ಮೊಟ್ಟೆಯಿಡದೆ ಮರಿ ಹಾಕುತ್ತದೆಂದು 2008ರಲ್ಲಿ ತಿಳಿಯಿತು. ಏಷ್ಯಾದ ಉಭಯಚರಗಳಲ್ಲಿ ಹಾಗೆ ಗೊತ್ತಾದ ಮೊದಲನೆಯದು ಅದು. ಇಷ್ಟಾದರೂ ಒಂದು ಕಾಲೇಜಿನ ಪರಿಸರ ದಿನಾಚರಣೆಯಲ್ಲಿ ಸಿಸಿಲಿಯನ್ ಚಿತ್ರದ ಕೆಳಗೆ 'ರೈತನ ಮಿತ್ರ ಎರೆಹುಳು' ಎಂದು ಬರೆದದ್ದನ್ನು ಈ ಲೇಖಕ ಕಣ್ಣಾರೆ ಕಂಡಿದ್ದಾನೆ. ಚಪ್ಪಾಳೆ ಜೋರಾಗಿತ್ತು.

ಕೃಷ್ಣೆಯ ದಂಡೆಯ ಕಬ್ಬಿನ ಸೀಮೆಯಲ್ಲಿ ಸಿಸಿಲಿಯನ್ ಹುಡುಕಿ ಕಾಲ ಕಳೆಯಬೇಡಿ, ಘಟ್ಟಕ್ಕೇ ಹೋಗಬೇಕು. ಜುಲೈಯಲ್ಲಿ ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ, ಚೋರ್ಲಾ ದಾರಿ ಹಿಡಿಯಿರಿ. ಭೀಮಗಡ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡಬೇಡಿ. ಹಿತ್ತಲು, ತೋಟಗಳ ಯಜಮಾನರನ್ನು ಕೇಳಿದರೆ ಬೇಡವೆನ್ನುವವರು ಕಡಿಮೆ. ಒಣ ಕೈಯಿಂದ ಮುಟ್ಟಬೇಡಿ. ಎತ್ತಿದ ಕಲ್ಲನ್ನು ಎತ್ತಿದ ಜಾಗದಲ್ಲೇ ಇಡಿ. ಮತ್ತು ಫೋಟೊ ಕಳಿಸುವವರು ದಯವಿಟ್ಟು ಪಕ್ಕದಲ್ಲಿ ಒಂದು ಸ್ಕೇಲು ಇಟ್ಟು ತೆಗೆಯಿರಿ.