20760 ಎಂಬ ನವೆಂಬರ್ ಒಂದು

ಎಕ್ಸೆಲ್‌ನ ಒಂದು ಸೆಲ್‌ನಲ್ಲಿ 1956ರ ನವೆಂಬರ್ 1ರ ತಾರೀಖು ಹಾಕಿ, ಫಾರ್ಮ್ಯಾಟನ್ನು ‘ಜನರಲ್’ಗೆ ಬದಲಿಸಿದರೆ ರಾಜ್ಯೋತ್ಸವ ಮಾಯವಾಗಿ 20760 ಉಳಿಯುತ್ತದೆ. ಕೆಟ್ಟದ್ದೇನೂ ಇಲ್ಲ, ಅಲ್ಲಿ ಮೊದಲಿನಿಂದ ಇದ್ದದ್ದೇ ಅದು. 1900ರ ಜನವರಿ 1ನ್ನು ಒಂದು ಎಂದು ಹಿಡಿದು ಎಣಿಸುತ್ತ ಬಂದ ದಿನಗಳ ಲೆಕ್ಕ. ತಾರೀಖು ಅದರ ಮೇಲಿನ ವೇಷ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ 1973ರ ನವೆಂಬರ್ 1ರ ಸಂಖ್ಯೆ 26969. ಕಳೆದರೆ, ನಡುವೆ 6209 ದಿನ.

ಈ ಎಣಿಕೆಯೊಳಗೆ ಒಂದು ಸುಳ್ಳು ದಿನವೂ ಅಡಗಿದೆ. 60 ಎಂದು ಬರೆದು ತಾರೀಖಿನ ರೂಪ ಕೊಟ್ಟರೆ ಎಕ್ಸೆಲ್ 1900ರ ಫೆಬ್ರುವರಿ 29 ಎನ್ನುತ್ತದೆ. 1900 ಅಧಿಕ ವರ್ಷವೇ ಅಲ್ಲ! 1983ರಲ್ಲಿ ಬಂದ ಲೋಟಸ್ 1-2-3 ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶ ಅದನ್ನು ಅಧಿಕ ವರ್ಷವೆಂದು ಎಣಿಸಿತ್ತು. ಆ ಹಾಳೆಗಳ ಲೆಕ್ಕ ತನ್ನಲ್ಲೂ ಹೊಂದಲಿ ಎಂದು ಎಕ್ಸೆಲ್ ತಪ್ಪನ್ನು ತಿಳಿದೇ ಉಳಿಸಿಕೊಂಡಿತು.

ಇದರಿಂದ ತೊಂದರೆಗೆ ಸಿಲುಕುವವರು ಕಡಿಮೆ. ನಿಜವಾದ ಪೇಚು ದಿನ–ತಿಂಗಳುಗಳ ಕ್ರಮದ್ದು.

ಕನ್ನಡ ಸಾಹಿತಿಗಳ ಜನನ–ಮರಣದ ಪಟ್ಟಿಯೊಂದನ್ನು ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ ಟೈಪ್ ಮಾಡಿದರೆ ಇದು ಗೊತ್ತಾಗುತ್ತದೆ. ಕುವೆಂಪು ಹುಟ್ಟಿದ 29/12/1904 ಸೆಲ್‌ನ ಎಡಕ್ಕೆ ಅಂಟಿಕೊಳ್ಳುತ್ತದೆ: 29ನೇ ತಿಂಗಳಿಲ್ಲದ ಕಾರಣ ಅದು ಬರೀ ಅಕ್ಷರವಾಗಿ ಉಳಿಯಿತು. ಕಣ್ಣಿಗೆ ಬೀಳುವ ಈ ತಪ್ಪು ವಾಸಿ. ಶಿವರಾಮ ಕಾರಂತರು ತೀರಿಕೊಂಡ 9/12/1997 ಮಾತ್ರ ಸದ್ದಿಲ್ಲದೆ ಸೆಪ್ಟೆಂಬರ್ 12 ಆಗಿ, ಬಲಕ್ಕೆ ಸರಿದು, ಸಭ್ಯವಾಗಿ ಕೂರುತ್ತದೆ. ಡಿಸೆಂಬರ್ 9 ಎಲ್ಲಿಯೂ ಇಲ್ಲ.

ಪಳಗಿದವರು ಅದಕ್ಕೇ ವರ್ಷ, ತಿಂಗಳು, ದಿನಗಳಿಗೆ ಮೂರು ಬೇರೆ ಕಾಲಂ ಇಟ್ಟು, ‘ಡೇಟ್’ ಫಾರ್ಮುಲಾದಿಂದ ಜೋಡಿಸುತ್ತಾರೆ. ಯಾವ ದೇಶದ ಸೆಟ್ಟಿಂಗ್ ಇದ್ದರೂ ಅದರ ಕ್ರಮ ಒಂದೇ. ದಿನದ ಜಾಗದಲ್ಲಿ ಸೊನ್ನೆ ಕೊಟ್ಟರೆ ಹಿಂದಿನ ತಿಂಗಳ ಕೊನೆಯ ದಿನವನ್ನೂ ಅದು ಹೇಳುತ್ತದೆ. ಫೆಬ್ರುವರಿ 28ಕ್ಕೋ 29ಕ್ಕೋ ಎಂದು ತಲೆಕೆಡಿಸಿಕೊಳ್ಳಬೇಕಿಲ್ಲ.

ಆದರೆ ಎಕ್ಸೆಲ್‌ನ ಡೇಟ್‌ಗೆ 1891, 6, 6 ಕೊಟ್ಟರೆ ಮಾಸ್ತಿ ವೆಂಕಟೇಶ ಅಯ್ಯಂಗಾರರು 3791ರಲ್ಲಿ ಹುಟ್ಟುತ್ತಾರೆ! 1900ಕ್ಕಿಂತ ಚಿಕ್ಕ ವರ್ಷ ಕಂಡರೆ ಅದಕ್ಕೆ 1900 ಕೂಡಿಸುವುದು ಎಕ್ಸೆಲ್‌ನ ರೂಢಿ. ಲಿಬ್ರೆಆಫೀಸ್ ಕ್ಯಾಲ್ಕ್ ಹಾಗಲ್ಲ. 1899ರ ಡಿಸೆಂಬರ್ 30ನ್ನು ಸೊನ್ನೆಯಾಗಿಟ್ಟು, ಅದಕ್ಕೂ ಹಿಂದಿನ ದಿನಗಳನ್ನು ಋಣಸಂಖ್ಯೆಯಲ್ಲಿ ಎಣಿಸುತ್ತದೆ. ಮಾಸ್ತಿಯವರು ತೀರಿಕೊಂಡದ್ದೂ ಜೂನ್ 6ರಂದೇ, 1986ರಲ್ಲಿ. ಕ್ಯಾಲ್ಕ್‌ನಲ್ಲಿ ‘ಡೇಟ್‌ಡಿಫ್’ಗೆ ಎರಡೂ ತಾರೀಖು ಕೊಟ್ಟು ವರ್ಷಗಳಲ್ಲಿ ಕೇಳಿದರೆ ಬರುವ ಉತ್ತರ 95.