ಗಂಟೆಲ್ಲ ಗೆದ್ದವರಿಗೆ

ಕಾರನ್ನು ಪಾಲು ಮಾಡಲಾಗುವುದಿಲ್ಲ. 1997ರಲ್ಲಿ ಅಟ್ಲಾಂಟಾದ ಇ3 ವಿಡಿಯೊ ಗೇಮ್ ಮೇಳದಲ್ಲಿ ಮುಗಿದ ಕ್ವೇಕ್ ಪಂದ್ಯಾವಳಿಯಲ್ಲಿ ‘ಥ್ರೆಶ್’ ಎಂಬ ಹೆಸರಿನಿಂದ ಆಡುತ್ತಿದ್ದ ಡೆನಿಸ್ ಫಾಂಗ್‌ಗೆ ಸಿಕ್ಕಿದ್ದು, ಆ ಆಟದ ನಿರ್ಮಾತೃಗಳಲ್ಲಿ ಒಬ್ಬರಾದ ಜಾನ್ ಕಾರ್ಮ್ಯಾಕ್ ಅವರ ಸ್ವಂತ ಕೆಂಪು ಫೆರಾರಿ. ಸುಮಾರು ಎರಡು ಸಾವಿರ ಜನ ಆಡಿದರು, ಹದಿನಾರು ಜನ ಕೊನೆಯ ಸುತ್ತಿಗೆ ಬಂದರು, ಒಬ್ಬನು ಕಾರಿನ ಕೀಲಿ ಹಿಡಿದು ಹೋದ. ಇಸ್ಪೋರ್ಟ್ಸ್, ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೊ ಗೇಮ್‌ಗಳ, ಇತಿಹಾಸ ಬರೆಯುವವರು ಇಂದಿಗೂ ಈ ಪ್ರಸಂಗವನ್ನು ಬಿಡುವುದಿಲ್ಲ. ಅದು ಆ ಲೋಕದ ಸ್ಥಳಪುರಾಣವೇ ಆಗಿಬಿಟ್ಟಿದೆ. ಆ ಪುರಾಣ ಬಿಟ್ಟುಹೋದ ಅಭ್ಯಾಸವೊಂದಿದೆ: ಪಂದ್ಯಾವಳಿಯ ದೊಡ್ಡತನವನ್ನು ಮೊದಲ ಬಹುಮಾನದ ಅಂಕಿಯಿಂದ ಅಳೆಯುವುದು. ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿರುವುದು ಅದೊಂದೇ ಅಂಕಿ, ಪತ್ರಿಕೆಯ ತಲೆಬರಹದಲ್ಲಿರುವುದೂ ಅದೇ.

ಈ ಮೊದಲ ಬಹುಮಾನದ ಕೀರ್ತಿ ಅದರ ಯೋಗ್ಯತೆಗಿಂತ ಬಹಳ ದೊಡ್ಡದಾಗಿ ಬೆಳೆದಿದೆ ಎಂಬುದು ನನ್ನ ವಾದ. ಎಲ್ಲವನ್ನೂ, ಇಲ್ಲವೇ ಸಿಂಹಪಾಲನ್ನು, ಒಬ್ಬರಿಗೇ ಕೊಡುವ ಪದ್ಧತಿಗೆ ಪ್ರತಿಭೆಯ ಶುದ್ಧ ಪರೀಕ್ಷೆ ಎಂಬ ಹೆಸರಿದೆ. ಅಂಥ ಪಂದ್ಯಾವಳಿಯ ಬಹುಮಾನ ಪಟ್ಟಿಯನ್ನು ಒಂದು ಕೃತಿಯನ್ನು ಓದುವಂತೆ ಸಾಲುಸಾಲಾಗಿ ಓದಿದರೆ ಆ ಹೆಸರು ನಿಲ್ಲುವುದಿಲ್ಲ.

ಎಲ್ಲರೂ ಎತ್ತಿ ತೋರಿಸುವ ಪಟ್ಟಿಯನ್ನೇ ಓದೋಣ. ಡೋಟಾ 2 ಆಟದ ‘ದಿ ಇಂಟರ್‌ನ್ಯಾಷನಲ್’ ಪಂದ್ಯಾವಳಿಯ ಒಟ್ಟು ಬಹುಮಾನ 2021ರಲ್ಲಿ 4 ಕೋಟಿ ಡಾಲರ್ ದಾಟಿತ್ತು. ಬುಕಾರೆಸ್ಟ್‌ನಲ್ಲಿ ಅಕ್ಟೋಬರ್ 17ರಂದು ನಡೆದ ಫೈನಲ್‌ನಲ್ಲಿ ರಷ್ಯಾದ ಟೀಮ್ ಸ್ಪಿರಿಟ್ ಚೀನಾದ ಪಿಎಸ್‌ಜಿ.ಎಲ್‌ಜಿಡಿ ತಂಡವನ್ನು 3-2ರಿಂದ ಸೋಲಿಸಿತು. ಮೊದಲೆರಡು ಆಟ ಸ್ಪಿರಿಟ್ ಗೆದ್ದಿತು, ಮುಂದಿನೆರಡನ್ನು ಎಲ್‌ಜಿಡಿ ಗೆದ್ದಿತು, ಐದನೆಯದು ಸ್ಪಿರಿಟ್ ಪಾಲಾಯಿತು. ಪಟ್ಟಿಯ ಪ್ರಕಾರ ಮೊದಲ ಸ್ಥಾನಕ್ಕೆ ಶೇಕಡ 45.5, ಎರಡನೆಯದಕ್ಕೆ 13, ಮೂರನೆಯದಕ್ಕೆ 9. ಅಂದರೆ ಸ್ಪಿರಿಟ್‌ಗೆ 1 ಕೋಟಿ 82 ಲಕ್ಷ ಡಾಲರ್, ಎಲ್‌ಜಿಡಿಗೆ 52 ಲಕ್ಷ. ನಾಲ್ಕು ಆಟ ಮುಗಿದಾಗ ಎರಡು ತಂಡಗಳೂ ಸಮಸಮ. ಆ ಹೊತ್ತಿನಲ್ಲಿ ಯಾವ ಅಳತೆಗೋಲು ಹಿಡಿದರೂ ಅವುಗಳ ನಡುವೆ ಅಂತರ ಕಾಣುತ್ತಿರಲಿಲ್ಲ. ಐದನೆಯ ಆಟಕ್ಕೆ ಕುಳಿತವರ ಮುಂದೆ 1 ಕೋಟಿ 30 ಲಕ್ಷ ಡಾಲರ್ ವ್ಯತ್ಯಾಸವಿತ್ತು. ಎರಡನೆಯ ಸ್ಥಾನದವರು ಇಡೀ ಪಂದ್ಯಾವಳಿಯಿಂದ ಪಡೆದದ್ದರ ಎರಡೂವರೆ ಪಟ್ಟು ಹಣ ಆ ಒಂದೇ ಆಟದ ಮೇಲೆ ನಿಂತಿತ್ತು. ಇದನ್ನು ಪರೀಕ್ಷೆ ಎನ್ನಲು ನನಗೆ ಮನಸ್ಸು ಬಾರದು. ಪರೀಕ್ಷೆಯಲ್ಲಿ ಅಂಕಗಳ ಅಂತರ ಉತ್ತರಗಳ ಅಂತರಕ್ಕೆ ಹೊಂದಿಕೊಂಡಿರಬೇಕು.

ಇದು ಹೊಸ ಪ್ರಶ್ನೆಯೇನಲ್ಲ. ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಗಾಲ್ಟನ್ 1902ರಲ್ಲಿ ‘ಬಯೋಮೆಟ್ರಿಕಾ’ ಪತ್ರಿಕೆಯಲ್ಲಿ ಇದನ್ನೇ ಕೇಳಿದ್ದ: ನೂರು ಪೌಂಡ್‌ಗಳನ್ನು ಎರಡು ಬಹುಮಾನಗಳಾಗಿ ಒಡೆಯಬೇಕಾದರೆ ನ್ಯಾಯವಾದ ಪಾಲು ಎಷ್ಟು? ಅವನ ಉತ್ತರ ಸ್ಥೂಲವಾಗಿ 75 ಮತ್ತು 25, ಅಂದರೆ ಮೂರಕ್ಕೆ ಒಂದು. ದೊಡ್ಡ ಗುಂಪಿನಲ್ಲಿ ಮೂರನೆಯವನಿಗಿಂತ ಎರಡನೆಯವನು ಎಷ್ಟು ಮೇಲೋ, ಸರಾಸರಿಯಲ್ಲಿ ಮೊದಲನೆಯವನು ಅದರ ಮೂರರಷ್ಟು ಮೇಲಿರುತ್ತಾನೆ ಎಂಬುದು ಅವನ ಲೆಕ್ಕ. ಭಾರಿ ಮೊದಲ ಬಹುಮಾನವನ್ನು ಒಪ್ಪುವವರಿಗೆ ಇದು ಸಿದ್ಧ ಆಧಾರ. ಆದರೆ ಆ ಲೆಕ್ಕ ನಿಂತಿರುವ ನೆಲವನ್ನು ನೋಡಬೇಕು. ಗಾಲ್ಟನ್ ಮೂರನೆಯವನನ್ನು ಸೊನ್ನೆಯಾಗಿ ಹಿಡಿದ. ಎರಡೇ ಬಹುಮಾನಗಳಿದ್ದುದರಿಂದ ಮೂರನೆಯವನಿಂದ ಕೆಳಗಿನ ಯಾರೂ ಅವನ ಲೆಕ್ಕಕ್ಕೆ ಬರಲೇ ಇಲ್ಲ. ಜೊತೆಗೆ, ಸ್ಥಾನ ನಿರ್ಣಯದಲ್ಲಿ ತಪ್ಪೇ ಇಲ್ಲ, ಮೊದಲು ಬಂದವನು ನಿಜಕ್ಕೂ ಮೊದಲಿಗ ಎಂದು ಅವನು ಊಹಿಸಿಕೊಂಡ. 3-2ರ ಫೈನಲ್‌ನಲ್ಲಿ ಆ ಊಹೆ ಅಲುಗಾಡುತ್ತದೆ. ಬ್ಯಾಟಲ್ ರಾಯಲ್ ಆಟಗಳಲ್ಲಂತೂ ನಿಲ್ಲುವುದೇ ಇಲ್ಲ.

ಕೊನೆಯವರೆಗೆ ಉಳಿದವರು ಗೆಲ್ಲುವ ಬ್ಯಾಟಲ್ ರಾಯಲ್ ಎಂದರೆ ನಮ್ಮ ಕಡೆ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ). ತಲಾ ನಾಲ್ವರ ಹದಿನಾರು ಸ್ಕ್ವಾಡ್‌ಗಳು ಒಂದೇ ನಕ್ಷೆಯ ಮೇಲೆ ಇಳಿಯುತ್ತವೆ. ಸುರಕ್ಷಿತ ವಲಯ ಎತ್ತ ಕುಗ್ಗುತ್ತದೆ ಎಂಬುದು ಆಟಗಾರರ ಕೈಯಲ್ಲಿಲ್ಲ. ಆ ವಲಯ ತನ್ನ ಮೇಲೆಯೇ ಬಿದ್ದ ತಂಡ ಕದಲದೆ ಕಾಯಬಹುದು, ಬೀಳದ ತಂಡ ಬಯಲು ದಾಟಿ ಬರಬೇಕು. ಈ ಅದೃಷ್ಟದ ಪಾಲು ಆಟವನ್ನು ರೂಪಿಸಿದವರಿಗೂ ಗೊತ್ತು. ಅದಕ್ಕೇ ಒಂದೇ ಪಂದ್ಯದಿಂದ ತೀರ್ಪು ಕೊಡದೆ ದಿನಗಟ್ಟಲೆ ಹಲವು ಪಂದ್ಯ ಆಡಿಸಿ ಅಂಕ ಕೂಡಿಸುತ್ತಾರೆ. ಈಚಿನ ಅಂಕಪಟ್ಟಿಯಲ್ಲಿ ಪಂದ್ಯದ ಮೊದಲ ಸ್ಥಾನಕ್ಕೆ 10, ಮುಂದೆ ಕ್ರಮವಾಗಿ 6, 5, 4, 3, 2, 1, 1. ಎಂಟನೆಯವರಿಗೂ ಒಂದು ಅಂಕವುಂಟು. ಅದರ ಜೊತೆಗೆ ಪ್ರತಿ ಫಿನಿಶ್‌ಗೆ, ಅಂದರೆ ಎದುರಾಳಿಯೊಬ್ಬನನ್ನು ಹೊರಹಾಕಿದ್ದಕ್ಕೆ, ಒಂದೊಂದು ಅಂಕ. ಬಹಳ ಯೋಚಿಸಿ ಮಾಡಿದ ಪಟ್ಟಿ ಇದು: ಬದುಕಿ ಉಳಿದದ್ದಕ್ಕೆ ಬೆಲೆ, ಹೋರಾಡಿದ್ದಕ್ಕೆ ಬೆಲೆ, ಅಂತರಗಳು ಮೆಟ್ಟಿಲಂತೆ.

ಇದೇ ಸಂಘಟಕರು ಹಣ ಹಂಚಲು ಕುಳಿತಾಗ ಮೆಟ್ಟಿಲು ಬಿಟ್ಟು ಗೋಡೆ ಕಟ್ಟಿದರು. ಬಿಜಿಎಂಐ ಆಟದ ಕ್ರಾಫ್ಟನ್ ಕಂಪನಿ ನಡೆಸಿದ ಮೊದಲ ಬಿಜಿಐಎಸ್ ಪಂದ್ಯಾವಳಿ 2021ರಲ್ಲಿ ಶುರುವಾಗಿ 2022ರ ಜನವರಿಯಲ್ಲಿ ಮುಗಿಯಿತು. ಒಟ್ಟು ಬಹುಮಾನ 1 ಕೋಟಿ ರೂಪಾಯಿ. ಗೆದ್ದ ಸ್ಕೈಲೈಟ್ಜ್ ಗೇಮಿಂಗ್ ತಂಡಕ್ಕೆ 50 ಲಕ್ಷ, ಎರಡನೆಯವರಿಗೆ 25 ಲಕ್ಷ, ಮೂರನೆಯವರಿಗೆ 10 ಲಕ್ಷ. ಮೊದಲ ಮೂವರಿಗೆ 85 ಲಕ್ಷ ಹೋಯಿತು, ಮಿಕ್ಕ ಎಲ್ಲಕ್ಕೂ ಉಳಿದದ್ದು 15. ಮೊದಲ ಎರಡು ಸಾಲು ಗಾಲ್ಟನ್‌ಗಿಂತ ಉದಾರವಾಗಿವೆ, ಎರಡಕ್ಕೆ ಒಂದು, ಅದನ್ನು ಒಪ್ಪುತ್ತೇನೆ. ಕ್ರೌರ್ಯವಿರುವುದು ಮೂರನೆಯ ಸಾಲಿನ ಕೆಳಗೆ. ಮೈದಾನದ ಅಂಕಪಟ್ಟಿ ನಾಲ್ಕನೆಯ ಮತ್ತು ಎಂಟನೆಯ ಸ್ಥಾನಗಳ ನಡುವೆ ವ್ಯತ್ಯಾಸ ಕಾಣುತ್ತದೆ, ಆ ಸಾಲುಗಳನ್ನು ಗೌರವಿಸುತ್ತದೆ. ಬಹುಮಾನ ಪಟ್ಟಿ ಅವನ್ನೆಲ್ಲ ಒಟ್ಟಿಗೆ ತಳ್ಳಿ ಬದಿಗಿಡುತ್ತದೆ. ಒಂದೇ ಆಟದ ಎರಡು ಪಟ್ಟಿಗಳು ಒಂದನ್ನೊಂದು ಅಲ್ಲಗಳೆಯುವುದನ್ನು ನಾನು ಓದಿದ ಯಾವ ಕ್ರೀಡಾ ಅಂಕಣಕಾರರೂ ಗಮನಿಸದೇ ಹೋದದ್ದು ನನಗೆ ನಿಜವಾಗಿಯೂ ಬೇಸರ ತಂದಿದೆ.

ಮುಂದಿನ ವರ್ಷಗಳಲ್ಲಿ ಏನಾಯಿತೆಂಬುದು ಇನ್ನೂ ಮುಖ್ಯ. 2023ರ ಬಿಜಿಐಎಸ್‌ನ ಒಟ್ಟು ಮೊತ್ತ 2 ಕೋಟಿಗೆ ಏರಿತು. ಗೆದ್ದ ಗ್ಲೇಡಿಯೇಟರ್ಸ್ ತಂಡಕ್ಕೆ 75 ಲಕ್ಷ, ಅಂದರೆ ಶೇಕಡ 37.5. 2024ರಲ್ಲೂ 2 ಕೋಟಿಯೇ, ಹೈದರಾಬಾದಿನಲ್ಲಿ ಗೆದ್ದ ಟೀಮ್ ಎಕ್ಸ್‌ಸ್ಪಾರ್ಕ್‌ಗೆ 60 ಲಕ್ಷ, ಶೇಕಡ 30. ಅರ್ಧದಿಂದ ಮೂರನೇ ಒಂದಕ್ಕಿಂತ ಕೆಳಗೆ ಇಳಿದರೂ ಆಟಗಾರರ ಹಠ ಕಡಿಮೆಯಾದ ಲಕ್ಷಣ ಕಾಣಲಿಲ್ಲ. ದೊಡ್ಡ ಗಂಟು ಒಂದೇ ಕಡೆ ಇಡದಿದ್ದರೆ ಯಾರೂ ಜೀವ ಕೊಟ್ಟು ಆಡುವುದಿಲ್ಲ ಎನ್ನುವವರು ಈ ಮೂರು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ.

ಅವರಲ್ಲಿ ಕೆಲವರು ಅರ್ಥಶಾಸ್ತ್ರವನ್ನು ಸಾಕ್ಷಿಗೆ ಕರೆಯುತ್ತಾರೆ. ಹೆಚ್ಚು ಬಳಕೆಯಾಗುವುದು ಮೊಲ್ಡೊವಾನು ಮತ್ತು ಸೆಲಾ ಅವರ 2001ರ ಲೇಖನ. ಸ್ಪರ್ಧಿಗಳಿಂದ ಒಟ್ಟಾರೆ ಅತಿ ಹೆಚ್ಚು ಶ್ರಮ ಹೊರಡಿಸಬೇಕಾದರೆ ಬಹುಮಾನವನ್ನೆಲ್ಲ ಒಂದೇ ಮಾಡಬೇಕು ಎಂದು ಅದು ಸಾಧಿಸಿದೆ ಎಂದು ಹೇಳಿ, ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಲೇಖನ ಅಲ್ಲಿಗೆ ನಿಲ್ಲುವುದಿಲ್ಲ. ಶ್ರಮದ ವೆಚ್ಚ ಒಂದೇ ಸಮನೆ ಏರುವಾಗ, ಇಲ್ಲವೇ ಬರುಬರುತ್ತ ಹಗುರವಾಗುವಾಗ ಆ ಮಾತು ಸರಿ. ಪ್ರತಿ ಹೆಚ್ಚಿನ ಹೆಜ್ಜೆಯೂ ಹಿಂದಿನದಕ್ಕಿಂತ ದುಬಾರಿಯಾಗುತ್ತ ಹೋದರೆ, ಎರಡು ಅಥವಾ ಹೆಚ್ಚು ಬಹುಮಾನಗಳೇ ಮೇಲಾಗಬಹುದು ಎಂದು ಅದೇ ಲೇಖನ ಹೇಳುತ್ತದೆ. ಸಾಕ್ಷಿಯ ಅರ್ಧ ಮಾತನ್ನಷ್ಟೇ ಕೇಳಿಸಿಕೊಳ್ಳುವುದು ವಿಮರ್ಶೆಯಲ್ಲ.

ಕಲಬುರಗಿಯ ಅಂಚಿನ ತಾಜಸುಲ್ತಾನಪುರದಿಂದ ಈ ಷರತ್ತನ್ನು ನೋಡಿದರೆ ಅದು ಗಣಿತದ ಅಡಿಟಿಪ್ಪಣಿಯಾಗಿ ಉಳಿಯುವುದಿಲ್ಲ. 2016ರಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಯಿತು. ಮನೆಯಲ್ಲಿರುವ ಸಾಧಾರಣ ಫೋನಿನಲ್ಲೇ ಆಟ ಶುರುವಾಗುತ್ತದೆ. ಡಿಗ್ರಿ ಓದುವ ಹುಡುಗನಿಗೆ ದಿನದ ಮೊದಲ ಒಂದೆರಡು ಗಂಟೆ ಬಹುಮಟ್ಟಿಗೆ ಪುಕ್ಕಟೆ. ಮುಂದಿನ ಗಂಟೆಗಳು ಓದಿನಿಂದ ಬರಬೇಕು, ಅದಕ್ಕೂ ಮುಂದಿನವು ನಿದ್ದೆಯಿಂದ ಅಥವಾ ದಿನಗೂಲಿಯಿಂದ. ರಾತ್ರಿಯ ಸ್ಕ್ರಿಮ್ಸ್‌ಗೆ, ಅಂದರೆ ಅಭ್ಯಾಸ ಪಂದ್ಯಗಳಿಗೆ, ನಾಲ್ವರೂ ಒಟ್ಟಿಗೆ ಕೂರಬೇಕು, ಆದ್ದರಿಂದ ಒಬ್ಬನ ಬಿಡುವು ಸಾಲದು. ಮೇಲಿನ ಮಟ್ಟಕ್ಕೆ ಹೋದಂತೆ ಫ್ರೇಮ್ ಬೀಳದ ಫೋನ್ ಬೇಕು, ಪಿಂಗ್ ಜಿಗಿಯದ ಫೈಬರ್ ಸಂಪರ್ಕ ಬೇಕು, ಕರೆಂಟ್ ಹೋದರೂ ನಿಲ್ಲದ ವೈಫೈ ಬೇಕು. ಪರೀಕ್ಷೆಯ ಒಂದು ವರ್ಷ ಕೈತಪ್ಪಿದರೆ ಅದರ ಬೆಲೆ ಎಷ್ಟೆಂದು ಯಾವ ಬಹುಮಾನ ಪಟ್ಟಿಯೂ ಲೆಕ್ಕ ಹಾಕಿಲ್ಲ. ಮೊಲ್ಡೊವಾನು ಮತ್ತು ಸೆಲಾ ಹೇಳುವ ಏರುವೆಚ್ಚ ಇದೇ. ಮುಂಬೈನ ಬೂಟ್‌ಕ್ಯಾಂಪಿನಲ್ಲಿ ಸಂಬಳ, ಊಟ, ಫೋನ್ ಎಲ್ಲ ಪಡೆದು ಆಡುವ ತಂಡಕ್ಕೆ ವೆಚ್ಚದ ಗೆರೆ ಬೇರೆ. ಒಂದೇ ಬಹುಮಾನವಿಟ್ಟರೆ ಈಗಾಗಲೇ ಸಂಬಳವಿರುವವರಿಗೆ ಇನ್ನಷ್ಟು ಸೇರುತ್ತದೆ. ಐದನೆಯ ಸ್ಥಾನದ ಹಣದಲ್ಲಿ ಒಂದು ಫೋನ್ ಕೊಳ್ಳಬಹುದಾಗಿದ್ದ ತಂಡ ಬರಿಗೈಯಲ್ಲಿ ಮರಳುತ್ತದೆ.

ಇನ್ನೊಂದು ಜಗಳ ನಮ್ಮ ಕನ್ನಡದ ಬರಹಗಾರರೊಂದಿಗೇ ಇದೆ. ಮೊಬೈಲಿನಲ್ಲಿ ಆಡುವುದೆಲ್ಲ ಜೂಜು ಎಂದು ಒಂದೇ ಉಸಿರಿಗೆ ಬರೆದುಬಿಡುವವರು ನಮ್ಮಲ್ಲಿ ಕಡಿಮೆಯಿಲ್ಲ. ಆನ್‌ಲೈನ್ ಆಟಗಳ ವಿಚಾರದಲ್ಲಿ 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿ ಆ ಧೋರಣೆಯಲ್ಲೇ ಹುಟ್ಟಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಜೂಜು ಇರುವ ಜಾಗ ಬೇರೆ, ಇವರು ಬೆರಳು ತೋರಿಸುವ ಜಾಗ ಬೇರೆ. ಬಿಜಿಎಂಐನ ಗುರಿ, ರಿಕಾಯಿಲ್ ನಿಯಂತ್ರಣ, ನಕ್ಷೆಯ ತಿಳಿವಳಿಕೆ, ನಾಲ್ವರ ನಡುವಿನ ಕೂಗು, ಇವು ಕಲಿತು ಬರುವ ವಿದ್ಯೆ. ಆ ವಿದ್ಯೆಯನ್ನು ಜೂಜಿನ ಹತ್ತಿರ ತರುವುದು ಹಣ ಹಂಚುವ ರೀತಿ. ಯಾರೋ ಖಾಸಗಿಯಾಗಿ ತೆರೆದು ಪಂದ್ಯ ನಡೆಸುವ ಕಸ್ಟಮ್ ರೂಮುಗಳನ್ನು ನೋಡಿ. 25 ಸ್ಕ್ವಾಡ್ ತಲಾ 40 ರೂಪಾಯಿ ಯುಪಿಐ ಮಾಡಿ, ಗುಂಪಿನಲ್ಲಿ ರೂಮ್ ಐಡಿ, ಪಾಸ್‌ವರ್ಡ್ ಪಡೆದು ಆಡಿದವು ಎಂದಿಟ್ಟುಕೊಳ್ಳಿ. ಸೇರಿದ್ದು ಸಾವಿರ. ಮೊದಲು ಬಂದವರಿಗೆ 700, ರೂಮ್ ನಡೆಸಿದವನಿಗೆ 300. ಇಪ್ಪತ್ತನಾಲ್ಕು ಸ್ಕ್ವಾಡ್‌ಗಳ ಹಣ ಒಂದು ಸ್ಕ್ವಾಡ್ ಮತ್ತು ರೂಮ್ ನಡೆಸಿದವನ ಕೈಗೆ ದಾಟಿತು. ಇಲ್ಲಿ ಬಹುಮಾನ ಕೊಟ್ಟವರು ಸೋತವರೇ. ಪ್ರಾಯೋಜಕರು ಯಾರೂ ಇಲ್ಲ.

2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನು ನಿಷೇಧಿಸಿತು, ಕೌಶಲದ ಆಟವೇ ಆದರೂ ಬಿಡಲಿಲ್ಲ. ಇಸ್ಪೋರ್ಟ್ಸನ್ನು ಮಾತ್ರ ಬೇರೆಯಾಗಿ ಗುರುತಿಸಿತು. ಇಸ್ಪೋರ್ಟ್ಸ್‌ನಲ್ಲಿ ಪ್ರವೇಶ ಶುಲ್ಕ ಇರಬಹುದು, ಆದರೆ ಸ್ಪರ್ಧೆಗೆ ಸೇರಲು ಅಥವಾ ಆಡಳಿತದ ಖರ್ಚಿಗೆ ಮಾತ್ರ. ಸಾಧನೆಗೆ ತಕ್ಕ ಬಹುಮಾನ ಇರಬಹುದು, ಪಣ ಇರುವಂತಿಲ್ಲ. ನೋಂದಣಿ ಬೇಕು. ಈ ಗೆರೆ ಸರಿಯಾದ ಜಾಗದಲ್ಲೇ ಬಿದ್ದಿದೆ. ಆದರೆ ಸಾಧನೆಗೆ ತಕ್ಕ ಬಹುಮಾನ ಎಂದ ಕಾನೂನು, ಯಾರ ಸಾಧನೆಗೆ ಎಷ್ಟು ತಕ್ಕದ್ದು ಎಂಬುದನ್ನು ಸಂಘಟಕನಿಗೇ ಬಿಟ್ಟಿದೆ. ಹದಿನಾರರಲ್ಲಿ ಒಂದೇ ತಂಡದ ಸಾಧನೆಗೆ ಬೆಲೆ ಕಟ್ಟುವ ಪಟ್ಟಿಯನ್ನು ಸಾಧನೆಗೆ ತಕ್ಕದ್ದೆಂದು ಒಪ್ಪುವುದು ಹೇಗೆ?

ಹಣ ಹಂಚುವ ವಿವೇಕವನ್ನು ಈ ಸೀಮೆ ಹೊರಗಿನಿಂದ ತರಬೇಕಾಗಿಲ್ಲ. ಕಲಬುರಗಿ, ಬೀದರ್ ಕಡೆಯ ಜಾತ್ರೆಗಳ ಕುಸ್ತಿ ಕಣದಲ್ಲಿ ಹುಡುಗರ ಜೋಡಿ ತೆಂಗಿನಕಾಯಿಗೆ ಹಿಡಿಯುತ್ತದೆ. ಆಮೇಲೆ ಸಣ್ಣ ಮೊತ್ತದ ಕುಸ್ತಿಗಳು, ಅದರ ಮೇಲೆ ದೊಡ್ಡವು, ಎಲ್ಲಕ್ಕೂ ಕಡೆಗೆ ಬೆಳ್ಳಿ ಕಡಗದ ಜೋಡಿ. ಕಡಗಕ್ಕೆ ಮೆರವಣಿಗೆಯೂ ಹಲಿಗೆಯ ಸದ್ದೂ ಇರುತ್ತದೆ, ಅದರ ಮಹಿಮೆಗೆ ಕೊರತೆಯಿಲ್ಲ. ಆದರೆ ಕಾಯಿ ಗೆದ್ದ ಹುಡುಗ ಬರಿಗೈಯಲ್ಲಿ ಹೋಗುವುದಿಲ್ಲ, ಮುಂದಿನ ವರ್ಷ ಮತ್ತೆ ಕಣಕ್ಕೆ ಇಳಿಯುತ್ತಾನೆ. ಇಬ್ಬರೂ ಸಮಬಲರಾದರೆ ಹಣ ಇಬ್ಬರಿಗೂ ಅರ್ಧರ್ಧ. ಬುಕಾರೆಸ್ಟ್‌ನ ಪಟ್ಟಿ ಬರೆದವರಿಗೆ ಸಮಬಲವೆಂಬುದೊಂದಿದೆ ಎಂಬ ಅರಿವೇ ಇರಲಿಲ್ಲ.

ವಿರುದ್ಧ ಪಕ್ಷಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸುತ್ತೇನೆ. 2019ರ ಫೋರ್ಟ್‌ನೈಟ್ ವಿಶ್ವಕಪ್‌ನಲ್ಲಿ 16 ವರ್ಷದ ಕೈಲ್ ಗಿಯರ್ಸ್‌ಡಾರ್ಫ್ 30 ಲಕ್ಷ ಡಾಲರ್ ಗೆದ್ದದ್ದು ಜಗತ್ತಿನ ಪತ್ರಿಕೆಗಳ ಮುಖಪುಟಕ್ಕೆ ಬಂತು. ಆ ಅಂಕಿ ಸಣ್ಣದಿದ್ದರೆ ಬರುತ್ತಿರಲಿಲ್ಲ. ಆದರೆ ಅದೇ ಪಂದ್ಯಾವಳಿಯಲ್ಲಿ ಫೈನಲ್‌ಗೆ ಬಂದ ಪ್ರತಿಯೊಬ್ಬರಿಗೂ ಕನಿಷ್ಠ 50,000 ಡಾಲರ್ ಖಾತರಿಯಿತ್ತು. ತಲೆಬರಹ ಬರೆದವರು ಅದನ್ನು ಬಿಟ್ಟರು, ಅನುಕರಿಸಿದವರೂ ಬಿಟ್ಟರು.

ಡೋಟಾದ ಆ ಮಹಾ ಮೊತ್ತ ಎಲ್ಲಿಂದ ಬಂದಿತ್ತು ಎಂಬುದನ್ನೂ ಮರೆತಿದ್ದಾರೆ. ಮೂಲ ಮೊತ್ತ 16 ಲಕ್ಷ ಡಾಲರ್ ಮಾತ್ರ. ಉಳಿದದ್ದು ಆಟದೊಳಗೆ ಮಾರುತ್ತಿದ್ದ ಬ್ಯಾಟಲ್ ಪಾಸ್‌ನ ಮಾರಾಟದ ನಾಲ್ಕನೆಯ ಒಂದು ಪಾಲು, ಅಂದರೆ ಆಟ ನೋಡುವ, ಆಡುವ ಸಾಮಾನ್ಯರ ಜೇಬಿನ ಹಣ. 2023ರಲ್ಲಿ ಆಟದ ಕಂಪನಿ ಬ್ಯಾಟಲ್ ಪಾಸನ್ನು ಕೈಬಿಟ್ಟಿತು, ಒಟ್ಟು ಬಹುಮಾನ 30 ಲಕ್ಷ ಡಾಲರ್ ಆಸುಪಾಸಿಗೆ ಕುಸಿಯಿತು. ಗೆದ್ದದ್ದು ಮತ್ತೆ ಟೀಮ್ ಸ್ಪಿರಿಟ್. ಎರಡು ವರ್ಷಗಳ ಹಿಂದೆ ಗೆದ್ದದ್ದರ ಹತ್ತನೆಯ ಒಂದು ಪಾಲೂ ಇಲ್ಲದ ಹಣಕ್ಕೆ ಆ ತಂಡ ಸಿಯಾಟಲ್‌ಗೆ ಬಂದು ಆಡಿ ಗೆದ್ದಿತು.

ಹೊಸ ಕಾಯ್ದೆಯಡಿ ನೋಂದಣಿ ಕೊಡುವ ಪ್ರಾಧಿಕಾರ ಒಂದು ಕೆಲಸ ಮಾಡಲಿ. ಪ್ರತಿ ಸಂಘಟಕನಿಂದ ಬಹುಮಾನ ಪಟ್ಟಿಯನ್ನು ಕೊನೆಯ ಸಾಲಿನವರೆಗೆ ಬರೆಯಿಸಿಕೊಳ್ಳಲಿ, ಅದನ್ನು ಪಂದ್ಯದ ಅಂಕಪಟ್ಟಿಯ ಪಕ್ಕದಲ್ಲೇ ಪ್ರಕಟಿಸಲಿ, ಪ್ರವೇಶ ಶುಲ್ಕದ ಒಂದು ರೂಪಾಯಿಯೂ ಬಹುಮಾನಕ್ಕೆ ಹೋಗಿಲ್ಲವೆಂದು ಲೆಕ್ಕ ತೋರಿಸಿದ ಮೇಲೆಯೇ ರೂಮ್ ತೆರೆಯಲು ಬಿಡಲಿ. ತಾಜಸುಲ್ತಾನಪುರದ ನಾಲ್ವರು ಹುಡುಗರು ಹೆಸರು ಕೊಡುವ ಮೊದಲು ಹನ್ನೆರಡನೆಯ ಸ್ಥಾನಕ್ಕೆ ಎಷ್ಟು ಸಿಗುತ್ತದೆಂದು ಓದಿಕೊಂಡು, ಆಡಬೇಕೋ ಬೇಡವೋ ಎಂದು ತೀರ್ಮಾನಿಸಲಿ.