ಕಾಡುಪಾಪಕ್ಕೆ ಎಷ್ಟು ವೃತ್ತ ಬೇಕು?

ಚನ್ನಪಟ್ಟಣದ ಗೊಂಬೆ ಕೆಲಸಗಾರರಿಗೆ ಆಕಾರದ ವಿಷಯದಲ್ಲಿ ಹೆಚ್ಚು ಆಯ್ಕೆ ಇಲ್ಲ. ಆಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸಿದರೆ ಉಳಿ ಎಲ್ಲಿ ತಾಗಿದರೂ ಮರ ದುಂಡಗೇ ಆಗುತ್ತದೆ. ಗುಂಡು, ಉರುಳೆ, ಶಂಕು, ಬಳೆ, ಮೊಟ್ಟೆ: ಅಲ್ಲಿ ಹುಟ್ಟುವುದು ಇವೇ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತದೆ, ತಾಳೆಗರಿ ಒತ್ತಿದರೆ ಹೊಳಪು ಬರುತ್ತದೆ. ಬಣ್ಣವೂ ಪಟ್ಟೆಯಾಗಿ ಸುತ್ತಲೇ ಕೂರಬೇಕು. ಇಷ್ಟು ಕಟ್ಟುಪಾಡಿನೊಳಗೇ ಅವರು ಆನೆ ಮಾಡುತ್ತಾರೆ, ಮೊಲ ಮಾಡುತ್ತಾರೆ, ಬಾತುಕೋಳಿ ಮಾಡುತ್ತಾರೆ. ಆನೆಯನ್ನೇ ನೋಡಿ. ಮೈ ಒಂದು ಮೊಟ್ಟೆ, ತಲೆ ಒಂದು ಗುಂಡು. ಅಲ್ಲಿಯವರೆಗೆ ಅದು ಯಾವ ಪ್ರಾಣಿ ಬೇಕಾದರೂ ಆಗಬಹುದು. ಕಿವಿಯ ಎರಡು ಬಿಲ್ಲೆ, ಮುಂದಕ್ಕೊಂದು ಸೊಂಡಿಲು ಕೂತ ಕೂಡಲೇ ಅದು ಆನೆ, ಬೇರೇನೂ ಅಲ್ಲ. ಆನೆಯಲ್ಲಿ ಯಾವುದನ್ನು ಬಿಟ್ಟರೂ ನಡೆಯುತ್ತದೆ, ಯಾವುದನ್ನು ಬಿಟ್ಟರೆ ನಡೆಯುವುದಿಲ್ಲ ಎಂದು ಆ ಕೈಗಳಿಗೆ ಗೊತ್ತಿದೆ.

ಟ್ಯಾಬ್ಲೆಟ್ಟಿನಲ್ಲಿ ಚಿತ್ರ ಬರೆಯುವವರ ಪಾಡು ಇದಕ್ಕೆ ತಿರುವುಮುರುವು. ಅಲ್ಲಿ ಯಾವ ಆಕಾರಕ್ಕೂ ಅಡ್ಡಿಯಿಲ್ಲ. ಪ್ರೊಕ್ರಿಯೇಟ್‌ನಲ್ಲಿ ಸೊಟ್ಟಪಟ್ಟ ಒಂದು ಸುತ್ತು ಎಳೆದು ಪೆನ್ನನ್ನು ಎತ್ತದೆ ಅರೆಗಳಿಗೆ ಹಿಡಿದರೆ ಗೆರೆ ತಾನಾಗಿ ತಿದ್ದಿಕೊಂಡು ನಿಲ್ಲುತ್ತದೆ. ಹಣ ಕೊಡದೆ ಸಿಗುವ ಕ್ರಿಟಾ, ಇಂಕ್‌ಸ್ಕೇಪ್‌ಗಳಲ್ಲೂ ವೃತ್ತ, ಚೌಕ, ಕನ್ನಡಿಪ್ರತಿ ಎಲ್ಲವೂ ಬೆರಳ ತುದಿಯಲ್ಲೇ ಇವೆ. ಈ ಸೌಕರ್ಯ ನನಗೆ ಬಲು ಇಷ್ಟ. ಆದರೆ ಮಕ್ಕಳ ಪುಸ್ತಕದ ಮುಖಪುಟ, ಬಿಸ್ಕತ್ತಿನ ಪೊಟ್ಟಣ, ಫೋನಿನ ಸ್ಟಿಕ್ಕರ್ ಎಲ್ಲ ಕಡೆ ಈಗ ಒಂದೇ ಮುಖ ಕಾಣುತ್ತಿದೆ: ದೊಡ್ಡ ವೃತ್ತದ ತಲೆ, ಎರಡು ಕಪ್ಪು ಚುಕ್ಕೆ, ಗುಲಾಬಿ ಕೆನ್ನೆ. ಕಿವಿ ಉದ್ದವಿದ್ದರೆ ಮೊಲ, ಗುಂಡಗಿದ್ದರೆ ಕರಡಿ, ಮೊನಚಾಗಿದ್ದರೆ ಬೆಕ್ಕು. ಪ್ರಾಣಿಯನ್ನು ನೋಡುವ ಮೊದಲೇ ವೃತ್ತ ಬಂದು ಕೂತಿರುವ ಲಕ್ಷಣ ಇದು. ಮೂಲಾಕಾರ ಸಿಗಬೇಕಾದದ್ದು ಪ್ರಾಣಿಯ ಮೈಯಲ್ಲಿ, ಅದರ ನಡಿಗೆಯಲ್ಲಿ. ಆ್ಯಪಿನ ಪಟ್ಟಿಯಿಂದ ಎತ್ತಿಕೊಂಡ ವೃತ್ತಕ್ಕೆ ಕಿವಿ ಅಂಟಿಸಿದರೆ ಪಾತ್ರ ಹುಟ್ಟುವುದಿಲ್ಲ.

ಹಾಗಾದರೆ ಡಿಕ್ ಬ್ರೂನಾ ಬರೆದ ಮಿಫಿ? ಅದೂ ದುಂಡು ತಲೆ, ಎರಡು ಚುಕ್ಕೆಯ ಮೊಲವೇ ಅಲ್ಲವೇ ಎಂದು ಕೇಳಬಹುದು. ನೆದರ್ಲೆಂಡ್ಸಿನ ಉಟ್ರೆಕ್ಟ್ ನಗರದ ಬ್ರೂನಾ 1955ರಲ್ಲಿ ಆ ಮೊಲವನ್ನು ಮೊದಲು ಬರೆದರು. 1963ರಲ್ಲಿ ಮತ್ತೆ ತಿದ್ದಿ ಬರೆದರು. ಈಗ ನಾವು ಕಾಣುವುದು ಆ ತಿದ್ದಿದ ರೂಪ. ಎರಡು ಚುಕ್ಕೆ ಕಣ್ಣು, ಬಾಯಿಗೆ ಪುಟ್ಟದೊಂದು ಕತ್ತರಿ ಗುರುತು, ಲೆಕ್ಕಕ್ಕೆ ಸಿಗುವಷ್ಟೇ ಬಣ್ಣ. ಮೈ ಅತ್ತ ತಿರುಗಿದ್ದರೂ ಮುಖ ಮಾತ್ರ ಓದುವ ಮಗುವಿನ ಕಡೆಗೇ ಇರುತ್ತದೆ. ಅಳು ಬಂದರೆ ಒಂದು ಹನಿ ಕಣ್ಣೀರು ಸೇರುತ್ತದೆ, ಬೇರೆ ಯಾವುದೂ ಬದಲಾಗುವುದಿಲ್ಲ. ಆ ಒಂದು ಹನಿಗೆ ಪುಟವೆಲ್ಲ ದುಃಖವಾಗುತ್ತದೆ. ನನ್ನ ಕಣ್ಣಿಗೆ ಇದಕ್ಕಿಂತ ಮುಖ್ಯವಾದದ್ದು ಬ್ರೂನಾರ ಗೆರೆ. ಅವರು ಅಂಚನ್ನು ಕುಂಚದಿಂದ ಚುಕ್ಕೆ ಚುಕ್ಕೆಯಾಗಿ, ನಿಧಾನಕ್ಕೆ ಒತ್ತುತ್ತ ಹೋಗುತ್ತಿದ್ದರು. ದೊಡ್ಡದು ಮಾಡಿ ನೋಡಿದರೆ ಆ ಕಪ್ಪು ಗೆರೆ ಸಣ್ಣಗೆ ನಡುಗುತ್ತದೆ. ಜ್ಯಾಮಿತಿ ಕಟ್ಟುನಿಟ್ಟು, ಗೆರೆ ಮಾತ್ರ ಮನುಷ್ಯನದು. ಮಿಫಿಯ ಹೊರರೂಪವನ್ನು ಅನುಕರಿಸುವವರು ಆ ನಡುಕವನ್ನು ಬಿಟ್ಟು ಉಳಿದದ್ದನ್ನೆಲ್ಲ ತೆಗೆದುಕೊಂಡುಬಿಡುತ್ತಾರೆ.

ಆಕಾರಕ್ಕೂ ಸ್ವಭಾವಕ್ಕೂ ನಂಟಿದೆ ಎಂಬುದು ಕಟ್ಟುಕತೆಯಲ್ಲ. 1929ರಲ್ಲಿ ಮನೋವಿಜ್ಞಾನಿ ವುಲ್ಫ್‌ಗ್ಯಾಂಗ್ ಕೋಲರ್ ಒಂದು ದುಂಡು ಆಕಾರ, ಒಂದು ಮೊನಚು ಆಕಾರ, ಎರಡು ಅರ್ಥವಿಲ್ಲದ ಹೆಸರು ಮುಂದಿಟ್ಟ. ಮೃದು ದನಿಯ ಹೆಸರು ದುಂಡಿಗೆ, ಒರಟು ದನಿಯದು ಮೊನಚಿಗೆ ಎಂದೇ ಹೆಚ್ಚಿನವರು ಹೊಂದಿಸುತ್ತಾರೆ. 1943ರಲ್ಲಿ ಪ್ರಾಣಿವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆಂಜ್ ಇನ್ನೊಂದು ಮಾತು ಸೇರಿಸಿದ: ಮೈಗಿಂತ ದೊಡ್ಡ ತಲೆ, ಎತ್ತರದ ಹಣೆ, ಕೆಳಗಿಳಿದ ದೊಡ್ಡ ಕಣ್ಣು, ತುಂಬುಗೆನ್ನೆ ಕಂಡರೆ ನಮಗೆ ಎತ್ತಿಕೊಳ್ಳಬೇಕು ಅನ್ನಿಸುತ್ತದೆ. ಇವೆಲ್ಲ ನಿಜ. ಆದರೆ ಇವನ್ನು ಸೂತ್ರ ಮಾಡಿ, ದುಂಡಾದರೆ ಸಾಧು, ಚೌಕವಾದರೆ ನಂಬಿಗಸ್ತ, ತ್ರಿಕೋನವಾದರೆ ಖಳ ಎಂದು ಕಲಿಸುವುದನ್ನು ನಾನು ಒಪ್ಪುವುದಿಲ್ಲ. ನೀರಾನೆಯಷ್ಟು ದುಂಡಗಿನ ಪ್ರಾಣಿ ಬೇರೆ ಯಾವುದು? ಆಫ್ರಿಕಾದ ನದಿಗಳಲ್ಲಿ ದೋಣಿ ನಡೆಸುವವರನ್ನು ಕೇಳಿದರೆ ಅದರ ಸಾಧುತನ ತಿಳಿದೀತು. ನಮ್ಮ ಮಿಂಚುಳ್ಳಿ ತಲೆಯಿಂದ ಕೊಕ್ಕಿನವರೆಗೆ ಬರೀ ತ್ರಿಕೋನ. ಕೆರೆಯಂಚಿನ ಕೊಂಬೆಯಲ್ಲಿ ಅದು ಕೂತಿದ್ದರೆ ಯಾರಿಗೆ ಖಳನ ನೆನಪಾಗುತ್ತದೆ?

ಲಿನಕ್ಸ್ ತಂತ್ರಾಂಶದ ಲಾಂಛನವಾದ ಪೆಂಗ್ವಿನ್ ಟಕ್ಸ್ ಇಂಥ ಸೂತ್ರವಿಲ್ಲದೆ ಹುಟ್ಟಿದ ಬಗೆ ನನಗೆ ಮೆಚ್ಚುಗೆ. 1996ರಲ್ಲಿ ಲಿನಕ್ಸ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ ಕೊಟ್ಟ ವರ್ಣನೆಯಲ್ಲಿ ಮುಖ್ಯವಾಗಿದ್ದದ್ದು ಪೆಂಗ್ವಿನ್‌ನ ಸ್ಥಿತಿ: ಹೊಟ್ಟೆ ಬಿರಿಯ ಮೀನು ತಿಂದು, ತೃಪ್ತಿಯಿಂದ ಕುಕ್ಕರಿಸಿ ಕೂತಿರಬೇಕು. ಲ್ಯಾರಿ ಈವಿಂಗ್ ಅದನ್ನು ಗಿಂಪ್ ಎಂಬ ತಂತ್ರಾಂಶದ ತೀರಾ ಎಳೆಯ ಆವೃತ್ತಿಯಲ್ಲಿ ಬರೆದರು. ಊಟ ಮುಗಿಸಿದವನ ಭಾರ ಕೆಳಗಿಳಿಯುತ್ತದೆ, ಆದ್ದರಿಂದ ಮೈ ಬುಡ ಅಗಲವಾದ ಮೊಟ್ಟೆಯಾಯಿತು. ಪಾದಗಳು ಕೆಲಸವಿಲ್ಲದೆ ಮುಂದಕ್ಕೆ ಚಾಚಿಕೊಂಡವು. ಸ್ಥಿತಿ ಮೊದಲು, ಆಕಾರ ಆಮೇಲೆ.

ಈಚೆಗೆ ನಾನು ಕೈಹಚ್ಚಿರುವುದು ಕಾಡುಪಾಪಕ್ಕೆ. ಕಾಲು ಕಿಲೋ ತೂಗುವ, ರಾತ್ರಿ ಹೊತ್ತು ಹುಳಹುಪ್ಪಟೆ ಹುಡುಕುವ ಈ ಪ್ರಾಣಿ ತುಮಕೂರಿನ ಕುರುಚಲು ಕಾಡುಗಳಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳಲ್ಲೂ ಇದೆ. ಅದರ ಪಾತ್ರ ಮಾಡಹೊರಟವರಿಗೆ ಮೊದಲ ಬಲೆ ಕಣ್ಣು. ಎರಡು ದೊಡ್ಡ ವೃತ್ತ ಹಾಕಿದರೆ ಮುದ್ದು ಬಂದೇ ಬರುತ್ತದೆ, ಕಾಡುಪಾಪ ಮಾತ್ರ ಬರುವುದಿಲ್ಲ. ಗೂಬೆಗೂ ದೊಡ್ಡ ಕಣ್ಣು, ಬೆಕ್ಕಿನ ಮರಿಗೂ ದೊಡ್ಡ ಕಣ್ಣು. ಕಾಡುಪಾಪದ ವಿಶೇಷವೆಂದರೆ ಆ ಕಣ್ಣುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ. ನಡುವೆ ಮೂಗಿನಿಂದ ಹಣೆಗೆ ಏರುವ ಬಿಳಿಯ ಒಂದೇ ಪಟ್ಟಿ, ಸುತ್ತ ಕಪ್ಪು ಕವಚ. ಕೆಳಗೆ ಚೂಪು ಮೂತಿ. ಹಾಗಾಗಿ ತಲೆಗೆ ವೃತ್ತ ಒಗ್ಗುವುದಿಲ್ಲ, ಮೂಲೆಗಳನ್ನು ಮೆತ್ತಗೆ ಮಾಡಿದ ತಲೆಕೆಳಗಾದ ತ್ರಿಕೋನ ಬೇಕು. ಕಿವಿ ತೆಳು, ಬೋಳು, ದುಂಡು. ಬಾಲ ಇಲ್ಲವೆಂದೇ ಹೇಳಬೇಕು. ಕೈಕಾಲು ಕಡ್ಡಿಯಷ್ಟು ಸಣ್ಣ, ಮೈಗೆ ಹೋಲಿಸಿದರೆ ಅತಿ ಉದ್ದ.

ಇಷ್ಟು ಬರೆದರೂ ಅದು ಪ್ರಾಣಿಶಾಸ್ತ್ರದ ಚಿತ್ರ. ಪಾತ್ರ ಸಿಕ್ಕಿದ್ದು ಅದರ ನಡಿಗೆಯಲ್ಲಿ. ಕಾಡುಪಾಪ ಜಿಗಿಯುವುದಿಲ್ಲ. ಮುಂದಿನ ಕೊಂಬೆಯನ್ನು ಹಿಡಿದು, ಹಿಡಿತ ಗಟ್ಟಿಯೆಂದು ಖಾತ್ರಿಯಾದ ಮೇಲೆಯೇ ಹಿಂದಿನದನ್ನು ಬಿಡುತ್ತದೆ. ನಾಲ್ಕೂ ಕೈಗಳೆಂದೇ ಅನ್ನಬೇಕಾದಷ್ಟು ಹಿಡಿತ ಆ ಕಾಲುಗಳಿಗೂ ಇದೆ. ಇಂಥದ್ದನ್ನು ಪಾತ್ರವಾಗಿಸಿದರೆ ಅದು ಮಾತು ಕೊಡುವ ಮುಂಚೆ ಬಹಳ ಯೋಚಿಸುವ, ಕೊಟ್ಟ ಮೇಲೆ ಬಿಡದ ಜೀವವಾಗುತ್ತದೆ. ಹಿಡಿಯುವ ಕೈಯ ಕೊಕ್ಕೆಯೇ ಅದರ ನಿಜವಾದ ಮೂಲಾಕಾರ ಎಂದು ನನಗೆ ಹೊಳೆದದ್ದು ಆಗ. ಕಣ್ಣಿನ ವೃತ್ತ ಎರಡನೆಯ ಸ್ಥಾನಕ್ಕೆ ಹೋಯಿತು. ಬೆನ್ನಿನ ಬಾಗು, ಮಡಿಸಿದ ಮೊಣಕೈ, ಕಿವಿಯ ಒಳಗೆರೆ, ಎಲ್ಲದರಲ್ಲೂ ಆ ಕೊಕ್ಕೆಯನ್ನೇ ಚಿಕ್ಕದು ದೊಡ್ಡದು ಮಾಡಿ ತಂದೆ. ಒಡನೆಯೇ ಬಿಡಿಬಿಡಿಯಾಗಿದ್ದ ಅಂಗಗಳು ಒಂದು ಮೈಯಾದವು.

ಈ ಜಾಣತನ ನಮ್ಮ ನಾಡಿನ ಶಿಲ್ಪಿಗಳಿಗೆ ಎಂದೋ ಗೊತ್ತಿತ್ತು. ಹಳೇಬೀಡಿನ ಗುಡಿಯ ಬುಡದಲ್ಲಿ ಸುತ್ತಿಬರುವ ಸಾಲುಗಳನ್ನು ನೋಡಿ: ಕೆಳಗೆ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಮೇಲಿನ ಸಾಲಿನಲ್ಲಿ ಹಂಸ, ಅದಕ್ಕೂ ಒಂದು ಸಾಲು ಕೆಳಗೆ ಮಕರ. ಮಕರಕ್ಕೆ ಆನೆಯ ಸೊಂಡಿಲು, ಮೊಸಳೆಯ ಬಾಯಿ, ಸಿಂಹದ ಕಾಲು, ನವಿಲಿನ ಬಾಲ. ಪ್ರಾಣಿಗಳ ಚೂರುಗಳನ್ನು ತಂದು ಕೂಡಿಸಿದ್ದು ಎಂದು ಕೇಳಿದರೆ ಗಲಿಬಿಲಿ ಎನ್ನಿಸಬೇಕು. ಆದರೆ ಕಣ್ಣಿಗೆ ಹಾಗೆ ಅನ್ನಿಸುವುದೇ ಇಲ್ಲ. ಮುಂದೆ ಸೊಂಡಿಲು ಸುರುಳಿ ಸುತ್ತಿದೆ, ಹಿಂದೆ ಬಾಲವೂ ಅದೇ ಸುರುಳಿಯಲ್ಲಿ ಸುತ್ತಿಕೊಂಡು ಬಳ್ಳಿಯಾಗುತ್ತದೆ. ನಡುವಿನ ಮೈ ಆ ಎರಡು ಸುರುಳಿಗಳನ್ನು ಕಟ್ಟಿಹಿಡಿದಿದೆ. ನರಿಗೆ ರೆಕ್ಕೆ ಹಚ್ಚಿ, ಜಿಂಕೆಗೆ ಮೀನಿನ ಬಾಲ ಹಚ್ಚಿ ಹೊಸ ಪ್ರಾಣಿ ಮಾಡಿದೆವೆನ್ನುವ ಹುಡುಗರು ಹಳೇಬೀಡಿಗೆ ಹೋಗಿ ಸಾವಕಾಶವಾಗಿ ಒಂದು ದಿನ ಸ್ಕೆಚ್ ಮಾಡಲಿ. ಬೆಸುಗೆ ಎಲ್ಲಿದೆಯೆಂದು ಹುಡುಕಲಿ.

ಇನ್ನು ಉಪಕರಣದ ಮಾತು. ವೆಕ್ಟರ್ ತಂತ್ರಾಂಶದಲ್ಲಿ ನಾವು ಎಳೆಯುವ ವಕ್ರರೇಖೆಗೆ ಫ್ರಾನ್ಸಿನ ರೆನೋ ಕಾರು ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೇ ಹೆಸರಿದೆ. ಕಾರಿನ ಮೈ ತಿರುವಿಗಾಗಿ 1960ರ ದಶಕದಲ್ಲಿ ಬೆಳೆದ ಗಣಿತ ಈಗ ಮೊಲದ ಕಿವಿಯನ್ನು ಬಾಗಿಸುತ್ತಿದೆ. ಅಲ್ಲಿ ವೃತ್ತವೆಂದರೆ ನಾಲ್ಕು ಬಿಂದು, ಒಂದೊಂದು ಬಿಂದುವಿಗೆ ಎರಡೆರಡು ಹ್ಯಾಂಡಲ್, ಹ್ಯಾಂಡಲ್‌ನ ಉದ್ದ ತ್ರಿಜ್ಯದ ಸುಮಾರು 0.55 ಪಾಲು. ಇದನ್ನು ತಿಳಿದವರಿಗೆ ವೃತ್ತದ ಭಯ ಹೋಗುತ್ತದೆ. ಒಂದು ಬಿಂದುವನ್ನು ಕೆಳಗೆಳೆದರೆ ಹೊಟ್ಟೆ, ಒಂದು ಹ್ಯಾಂಡಲ್ ಗಿಡ್ಡ ಮಾಡಿದರೆ ಗದ್ದ. ಬಿಂದುಗಳನ್ನು ಸೇರಿಸುತ್ತ ಹೋಗಬೇಡಿ. ಬಿಂದು ಹೆಚ್ಚಿದಷ್ಟೂ ಗೆರೆ ತಡವರಿಸುತ್ತದೆ.

ಕನ್ನಡಿಪ್ರತಿಯನ್ನು ನಾನು ತಲೆಯ ಕಟ್ಟಡ ಏಳುವವರೆಗೆ ಬಳಸುತ್ತೇನೆ, ಆಮೇಲೆ ಆರಿಸಿಬಿಡುತ್ತೇನೆ. ತಲೆಯನ್ನು ಕತ್ತಿನ ಮೇಲೆ ತುಸು ವಾಲಿಸಿ, ಒಂದು ಕಿವಿಯನ್ನು ಹಿಂದಕ್ಕೆ ತಿರುಗಿಸಿದಾಗ ಕಾಡುಪಾಪ ಏನನ್ನೋ ಆಲಿಸುವಂತಾಯಿತು. ಎರಡೂ ಬದಿ ಒಂದೇ ತೂಕದಲ್ಲಿದ್ದಾಗ ಅದು ಬರೀ ಲಾಂಛನದಂತೆ ನಿಂತಿತ್ತು. ಲಾಂಛನ ಬೇಕಾದಲ್ಲಿ ಅದೂ ಸರಿಯೇ. ರೈಲ್ವೆಯ 150ನೇ ವರ್ಷಕ್ಕೆಂದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಮಾಡಿಕೊಟ್ಟ ಗಾರ್ಡ್ ಆನೆ ಭೋಲು, 2002ರ ಏಪ್ರಿಲ್ 16ರಂದು ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಕೈಯಲ್ಲಿ ಹಸಿರು ದೀಪ ಹಿಡಿದ ಆ ಆನೆಗೆ ಬೋಗಿಯ ಮೇಲೂ ಕಾಗದದ ಮೇಲೂ ಒಂದೇ ರೀತಿ ಕಾಣುವ ಹೊಣೆಯಿತ್ತು. ಕತೆ ನಡೆಸಬೇಕಾದ ಪಾತ್ರದ ಹೊಣೆ ಬೇರೆ, ಅದು ಸಾವಿರ ಭಂಗಿಗಳಿಗೆ ಬಾಗಬೇಕು.

ಕೊನೆಯ ಪರೀಕ್ಷೆ ಕಪ್ಪು ಮಾಡುವುದು. ಎಲ್ಲ ಲೇಯರ್‌ಗಳನ್ನು ಕೂಡಿಸಿ ಪೂರ್ತಿ ಕಪ್ಪು ತುಂಬಿ, ಚಿತ್ರವನ್ನು 32 ಪಿಕ್ಸೆಲ್‌ಗೆ ಇಳಿಸಿ ನೋಡಿ. 1996ರ ಪೋಕೆಮಾನ್ ಆಟಕ್ಕೆ ಸಿಕ್ಕಿದ್ದು 160×144 ಪಿಕ್ಸೆಲ್‌ನ, ನಾಲ್ಕೇ ಛಾಯೆಯ ಗೇಮ್ ಬಾಯ್ ಪರದೆ. ಅತ್ಸುಕೊ ನಿಶಿದಾ ರೂಪಿಸಿದ ಪಿಕಾಚು ಆ ಇಕ್ಕಟ್ಟಿನಲ್ಲೂ ಗುರುತು ಸಿಗಲು ದುಂಡು ಮೈಯನ್ನು ಸೀಳಿಕೊಂಡು ಹೊರಟ ಮಿಂಚಿನ ಬಾಲವೇ ಕಾರಣ. ನನ್ನ ಕಾಡುಪಾಪಕ್ಕೆ ಬಾಲವಿಲ್ಲ, ಕಪ್ಪು ಮಾಡಿದರೆ ಕಣ್ಣೂ ಹೋಯಿತು, ಬಿಳಿ ಪಟ್ಟಿಯೂ ಹೋಯಿತು. ಉಳಿಯುವುದು ಕೈಕಾಲೇ. ಅದಕ್ಕೇ ಮೊಣಕೈಗಳನ್ನು ಮೈಯಿಂದ ದೂರ ಎಳೆದು ನಡುವೆ ಬೆಳಕು ಬಿಟ್ಟಿದ್ದೇನೆ. ಮೂರು ಕೊಂಬೆಗಳ ಮೇಲೆ ನಾಲ್ಕು ಹಿಡಿತ, ಹಿಂಬದಿಯಲ್ಲಿ ಬಾಲ ಇರಬೇಕಾದ ಕಡೆ ಏನೂ ಇಲ್ಲದ ಒಂದಿಷ್ಟು ಜಾಗ. ಆ ಜಾಗದಲ್ಲಿ ಎಲೆ ಬರೆಯೋಣವೆಂದು ಕೈ ತುರಿಸುತ್ತದೆ, ಆದರೆ ಎಲೆ ಬಂದರೆ ಸಣ್ಣ ಗಾತ್ರದಲ್ಲಿ ಅದೇ ಬಾಲವಾಗಿ ಕಾಣುತ್ತದೆ. ಆದ್ದರಿಂದ ಎಲೆಗಳೆಲ್ಲ ಈಗ ಮೇಲಿನ ಕೊಂಬೆಗೆ ಹೋಗಿವೆ.